ಪುಟ್ಟ ಕಮ್ಮಾರ

ಸೊಂಟಕ್ಕೆ ಹಗ್ಗ, ಹಲ್ಲಲ್ಲಿ ಕುಂಚ,
ಮೊಣಕೈಗೆ ಕೆಂಪು ಬಣ್ಣದ ಡಬ್ಬಿ.
ಮಯೋರ್ಕದ ಸುಣ್ಣಕಲ್ಲಿನ ಕೊರಕಲಿಗೆ
ಇಳಿಯುತ್ತಿದ್ದಾನೆ ಬೆರ್ನದಿ.
ಅಣೆಕಟ್ಟು ಇನ್ನೂ ಏಳು ಮೀಟರ್ ಬೆಳೆದರೆ
ನೀರು ಎಲ್ಲಿಯವರೆಗೆ ಬಂದೀತು,
ಅಲ್ಲಲ್ಲಿ ಒಂದು ಗೆರೆ ಎಳೆದು ಬಾ ಎಂದಿದ್ದಾರೆ.
ಗೆರೆಗೆ ಇಷ್ಟೆಂದು ಕೂಲಿ.

ಅವನೇನು ಬೇಡ ಅನ್ನುವವನಲ್ಲ.
ಆಗಸ್ಟ್ ಬಂತೆಂದರೆ ಅವನ ಬೀದಿಗೆ ಟ್ಯಾಂಕರ್.
ಮಗಳು ತೊನೀನ ಕಡಲದಂಡೆಯ ಹೋಟೆಲಲ್ಲಿ
ದಿನಕ್ಕೆ ನಾನೂರು ದುಪ್ಪಟಿ ಒಗೆದು
ಮನೆಗೆ ಬಂದರೆ
ಮುಖಕ್ಕೆ ಚಿಮುಕಿಸಲು ಒಂದು ಚೊಂಬು.

ಮೂರನೆಯ ಗೆರೆಯ ಹೊತ್ತಿಗೆ ಬಂಡೆಯೊಳಗಿಂದ
ಟಿಣ್.
ಒಂದಿಷ್ಟು ಬಿಟ್ಟು, ಟಿಣ್.
ಕೈ ನಿಂತಿತು.

ಫೆರೆರೆತ್. ಪುಟ್ಟ ಕಮ್ಮಾರ
ಅಂತ ಊರು ಇಟ್ಟ ಹೆಸರು. ಹೆಬ್ಬೆರಳಿನಷ್ಟು ಕಪ್ಪೆ,
ಲೋಕವೆಲ್ಲ ಜಾಲಾಡಿದರೂ ಈ ದ್ವೀಪದ
ಕೆಲವೇ ಕೊರಕಲುಗಳ ಕೆಲವೇ ಗುಂಡಿಗಳಲ್ಲಿ.
ಮೊದಲು ಸಿಕ್ಕಿದ್ದು ಇದರ ಮೂಳೆ.
ಅಳಿದುಹೋಯಿತೆಂದು ಬರೆದಿಟ್ಟ ಮೇಲೆ
ಜೀವಂತ ಸಿಕ್ಕಿತು,
ತಿಥಿಯೂಟ ಮುಗಿದ ಮೇಲೆ
ಬಾಗಿಲು ತಟ್ಟಿದವನ ಹಾಗೆ.

ಊರಿನ ನಿಜವಾದ ಕುಲುಮೆ ಆರಿ ಮೂವತ್ತು ವರ್ಷ.
ಬೆರ್ನದಿಯ ಅಪ್ಪನದು.
ಅಡಿಗಲ್ಲು ಈಗ ಹೋಟೆಲಿನ ಅಂಗಳದಲ್ಲಿ,
ಮೇಲೊಂದು ಹೂಕುಂಡ.

ನೀರಿನ ಪ್ರಾಣಿಗೆ ನೀರು ಬಂದರೇನು ನಷ್ಟ?
ಸಭೆಯಲ್ಲಿ ಯಾರೋ ಕೇಳಿದ್ದರು. ಎಲ್ಲ ನಕ್ಕಿದ್ದರು,
ಅವನೂ.
ಒಂದು ತಟ್ಟೆಯಲ್ಲಿ ಊರಿನ ಬಾಯಾರಿಕೆ,
ಇನ್ನೊಂದರಲ್ಲಿ ಕಪ್ಪೆ. ತೂಗುವುದೆಂತು,
ಜಿಗಿಯುತ್ತಲೇ ಇರುವುದನ್ನು?
'ಸಂರಕ್ಷಿತ ಪ್ರದೇಶ' ಎಂಬ ಹಲಗೆಯನ್ನು
ಏಳು ಮೀಟರ್ ಮೇಲೆ ನೆಡುವುದೆಂದು ತೀರ್ಮಾನವಾಗಿತ್ತು.

ಈಗ ಗುಂಡಿಯ ಮೇಲೆ ತೂಗಾಡುತ್ತ ನೋಡುತ್ತಾನೆ:
ತಿಳಿಯಾಗಿ, ತಣ್ಣಗೆ, ಒಂದು ಬೋಗುಣಿಯಷ್ಟು.
ಕೆಳಗಿನ ಜಲಾಶಯದಲ್ಲಿ ಮೀನಿದೆ, ಈಜುವ ಹಾವಿದೆ.
ನಡುವಿನ ಈ ಕಡಿದಾದ ಕಲ್ಲೊಂದೇ ಅಗುಳಿ.
ನೀರು ಮೇಲೇರಿ ಬಂದು
ಮೆಲ್ಲಗೆ ಅದನ್ನು ಸರಿಸುತ್ತದೆ, ಮನೆಯವರ ಹಾಗೆ.

ಟಾರ್ಚ್ ಹಾಕಿದ. ಬಿರುಕಿನಲ್ಲೊಂದು ಗಂಡು,
ಹಿಂಗಾಲಿಗೆ ಸುತ್ತಿಕೊಂಡ ಮೊಟ್ಟೆಯ ಸರ.
ಎಣಿಸಿದ. ಹನ್ನೊಂದು.
ಇಳಿಸುವ ಹೊತ್ತು ಬರುವ ತನಕ
ಅಪ್ಪನೇ ಹೊರಬೇಕು, ಕಾಲು ತೊಡರಿದರೂ.
ಬೆರ್ನದಿ ತನ್ನ ಸೊಂಟದ ಗಂಟು
ಮುಟ್ಟಿ ನೋಡಿಕೊಂಡ.

ಕೊಟ್ಟ ಹಾಳೆಯಲ್ಲಿ ಅಂಕಣಗಳಿವೆ:
ಗೋಡೆ, ಮರ, ಕಾಲುದಾರಿ, ಇತರೆ.
ಇತರೆಯ ಕೆಳಗೆ ಬರೆದ: ೧೧.
ಏನು ಹನ್ನೊಂದು ಎಂದು ಬರೆಯಲಿಲ್ಲ.

ಗೆರೆಯನ್ನೂ ಎಳೆದ,
ತಲೆಯ ಮೇಲೆ, ಕೈ ಎಟಕುವಷ್ಟು ಎತ್ತರಕ್ಕೆ.
ಒದ್ದೆ ಕಲ್ಲು ಬಣ್ಣ ಹಿಡಿಯಲಿಲ್ಲ.
ಒಂದು ಹನಿ ಬೇರಾಗಿ ಜಾರತೊಡಗಿತು ಗುಂಡಿಯ ಕಡೆಗೆ.
ಅಂಚು ತಲುಪುವ ಮುನ್ನ
ಅಂಗಿಯ ತೋಳಿನಿಂದ ಒರೆಸಿದ,
ಮತ್ತೆ ಒರೆಸಿದ.

ಮೇಲಿನಿಂದ ಯಾರೋ ಹಗ್ಗ ಜಗ್ಗಿದರು.