ಅರಳೆಯೊಳಗಿನ ಎಲೆಚೂರು

ಮೂರನೇ ಮಹಡಿ. ಕೆಳಗೆ ದುರ್ಗದಬೈಲು:
ಉಳ್ಳಾಗಡ್ಡಿಯ ಗಾಡಿ, ಬಳೆಯಂಗಡಿ, ಮಿರ್ಚಿ ಕರಿದ ಎಣ್ಣೆ,
ಹಾರ್ನಿಗೆ ಉತ್ತರ ಕೊಡುವ ಹಾರ್ನು.
ಮೇಲೆ ನಾನು, ಬಿ.ಎ. ಎರಡನೇ ವರ್ಷಕ್ಕೆ
ಏಕಾಂತ ಕಲಿಸುತ್ತಿದ್ದೇನೆ
ಕಿಟಕಿ ಮುಚ್ಚಿಸಿ.

ಕವಿ ಊರು ಬಿಟ್ಟ. ಕವಿ ಗುಡ್ಡ ಹತ್ತಿದ.
ತಳದಲ್ಲಿ ಹೊಗೆ, ಗಿರಣಿ, ಮಂದಿ;
ನೆತ್ತಿಯಲ್ಲಿ ಅವನು, ಗಾಳಿ.
ಬರಕೊಳ್ರಿ, ಅಂದೆ:
ನಗರವೆಂದರೆ ಕಳೆದುಕೊಂಡದ್ದು, ನಿಸರ್ಗವೆಂದರೆ ಸಿಕ್ಕಿದ್ದು.
ಇಪ್ಪತ್ತೆರಡು ವರ್ಷದಿಂದ ಇದೇ ವಾಕ್ಯ.
ಐದು ಅಂಕಕ್ಕೆ ಸಾಕು.

ಕಡೇ ಬೆಂಚಿನಿಂದ ಜೈತುನ ನದಾಫ ಎದ್ದಳು.
ರೆಪ್ಪೆಗೆ ಅಂಟಿದ ಬಿಳಿ ನವಿರು.
“ಸರ್, ಅವರು ಗುಡ್ಡಕ್ಕ ಹ್ವಾದ ದಿನ
ಮನ್ಯಾಗ ನೀರ ತುಂಬಿದವ್ರು ಯಾರ್ರಿ?”

ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಗಳ ಹುಡುಗಿಯರು
ನಕ್ಕರು. ನಾನೂ ನಕ್ಕಿರಬೇಕು.
ಗಂಟೆ ಹೊಡೆಯಿತು.

ದೀಪಾವಳಿ ಸೂಟಿಯಲ್ಲಿ ಹಳೇ ಗಾದಿಯನ್ನು
ಆಟೋಕ್ಕೆ ಹೇರಿಕೊಂಡು ಗಣೇಶಪೇಟೆಗೆ ಹೋದೆ.
ಹೊಲಿಗೆ ಬಿಚ್ಚುವ ಮೊದಲು ಮುದುಕ
ಅಂಗೈಯಿಂದ ಒಮ್ಮೆ ಒತ್ತಿ ನೋಡಿದ,
ಎಡಮಗ್ಗುಲು ಕುಸಿದದ್ದು, ಬಲಮಗ್ಗುಲು ಹೊಸದರಂತಿದ್ದದ್ದು.
“ಒಬ್ರ ಮಲಗತೀರೇನ್ರಿ ಸರ?”
ಡಾಕ್ಟರು ಕೇಳಿದ ಹಾಗೆ ಕೇಳಿದ.
ರೇಟು ಎಷ್ಟು ಅಂದೆ.

ಒಳಗೆ ಪಿಂಜುವ ಯಂತ್ರ
ಗೋಡೆ ನಡುಗುವಂತೆ ಓಡುತ್ತಿತ್ತು.
ಅದರಾಚೆ, ಸೊಂಟದ ತನಕ ಅರಳೆಯಲ್ಲಿ ಹುಗಿದು
ಜೈತುನ. ಮೊಣಕಾಲ ಮೇಲೆ ಪಠ್ಯ.
ಮನೆಯಲ್ಲಿ ಏಳು ಜನ, ಓದಲು ಒಂದು ಬಲ್ಬು.
ಯಂತ್ರ ನಿಂತಾಗ ಹೇಳಿದಳು, ಇನ್ನೂ ಜೋರುದನಿಯಲ್ಲೇ,
“ಮಷೀನು ಚಾಲೂ ಇದ್ದಾಗ
ನನ್ನ ಹೆಸರು ಯಾರಿಗೂ ಕೇಳಸೂದಿಲ್ರಿ.
ನನಗೂ.”

ಆಮೇಲೆ ರಾಶಿಯಿಂದ ಏನನ್ನೋ ಹೆಕ್ಕಿ ತೋರಿದಳು,
ಉಗುರಿನಷ್ಟು ಒಣಗಿದ ಎಲೆಚೂರು;
ಬೆನ್ನಿಗೆ ಒಂದು ಕಣ ಎರೆಮಣ್ಣು.
“ಅಣ್ಣಿಗೇರಿ ಕಡೆಯ ಹತ್ತೀರಿ. ಎಷ್ಟ ಪಿಂಜಿದ್ರೂ
ಒಂದೆರಡು ಉಳದ ಉಳೀತಾವ.”
ಊದಿ, ಪುಟದ ನಡುವೆ ಇಟ್ಟುಕೊಂಡಳು.
ಯಾವ ಪುಟ ಅಂತ ನಾನು ಇಣುಕಲಿಲ್ಲ.

ಸಂಜೆಯ ಚಿಗರಿ ಬಸ್ಸು. ನಿಲ್ಲಲೂ ಜಾಗವಿಲ್ಲ.
ಉಣಕಲ್ಲಿನ ಹತ್ತಿರ ಯಾರದೋ ಕಂಕುಳ ಸಂದಿಯಲ್ಲಿ
ಕೆರೆ ಒಂದಿಷ್ಟು ಹೊಳೆದು ಹೋಯಿತು.
ಕೂತವರಲ್ಲಿ ಒಬ್ಬಾಕಿ, ಆಸ್ಪತ್ರೆಯ ನೀಲಿ ಸೀರೆ,
ಕಣ್ಣು ಮುಚ್ಚದೆ, ಯಾವುದನ್ನೂ ನೋಡದೆ ಕೂತಿದ್ದಳು.
ನವನಗರ ಬರುವವರೆಗೂ
ಅವಳ ಗುಡ್ಡದ ಮೇಲೆ ಯಾರೂ ಹತ್ತಲಿಲ್ಲ.
ನನ್ನ ತೋಳಿಗೆ ಅರಳೆ ಅಂಟಿತ್ತು.
ಕೊಡವಲು ಕೈ ಎತ್ತುವಷ್ಟೂ ಜಾಗವಿರಲಿಲ್ಲ;
ಇದ್ದಿದ್ದರೂ.

ಗಾದಿ ಬಂದಿದೆ. ಸಮತಟ್ಟು, ಬಿಸಿಲ ವಾಸನೆ.
ಎಲ್ಲಿ ಮಲಗಬೇಕೆಂದು ತಿಳಿಯದೆ
ಹನ್ನೊಂದರ ತನಕ ಅಂಚಿನಲ್ಲಿ ಕೂತಿದ್ದೆ,
ಹೊರಗೆ ಧಾರವಾಡದ ನಾಯಿಗಳು, ಕೊನೆಯ ಲಾರಿ.
ನಡುವೆ ಮಲಗಿದೆ.
ಹೊರಳಿದಾಗ ಬೆನ್ನ ಕೆಳಗೆಲ್ಲೋ
ಏನೋ ಸಣ್ಣಗೆ ಮುರಿದ ಸಪ್ಪಳ.