ಗಟ್ಟಿ ಹಿಡಿ

ಫೈನಲ್ ಮುಗಿದ ಮರುದಿನ ಮುಂಜಾನಿ
ಬಿಂಕದಕಟ್ಟಿ ಕಪ್ ನನ್ನ ಅಂಗಡಿಗೆ ಬರತೈತಿ,
ಹಳೇ ಟವೆಲ್ಲಿನಾಗ ಸುತ್ತಿಕೊಂಡು
ಯಾರದೋ ಸ್ಕೂಟರಿನ ಕಾಲಸಂದ್ಯಾಗ ಕುಂತು.
ಮೊದಲೆಲ್ಲ ಸೈಕಲ್ ಕ್ಯಾರಿಯರಿನ ಮ್ಯಾಲೆ ಬರತಿತ್ತು.
ಎಡಗಿವಿ ಸೊಟ್ಟಾದದ್ದು ಟಾಂಗಾಕೂಟದ ತಗ್ಗಿನಾಗ.

ಬೆಟಗೇರಿಯ ಹಾಕಿ ಮಂದಿಗೆ ಇದು ಎಪ್ಪತ್ತೊಂದನೇ ವರ್ಷ.
ಕೊಟ್ಟವ ಹತ್ತಿ ಜಿನ್ನಿನ ಸಾಹುಕಾರ.
ಈಗ ಸಾಹುಕಾರ ಇಲ್ಲ, ಜಿನ್ನೂ ಇಲ್ಲ,
ಆ ಜಾಗದಾಗ ಕಲ್ಯಾಣಮಂಟಪ ಆಗೈತಿ.
ಕಪ್ಪಿನ ಹೊಟ್ಟಿ ಮ್ಯಾಲೆ ಮಾತ್ರ
ಅವನ ಹೆಸರು, ದೊಡ್ಡಕ್ಷರದಾಗ.

ಲೆಕ್ಕ ಸರಳ ಐತಿ.
ಹದಿನಾರು ತಂಡ. ಸೋತರ ಮನಿ.
ಹದಿನೈದು ಸೋಲು ಅರದು ಸೋಸಿದರ
ಬೆಳ್ಳಿ ಮ್ಯಾಲೆ ಒಂದು ಸಾಲು.
ಆ ಸಾಲು ಕೊರೆಯೋದು ನನ್ನ ಕೆಲಸ.

ನಾನು ಮೌನೇಶ ಪತ್ತಾರ. ಒಂದು ಕಾಲದಾಗ ಗೋಲ್‌ಕೀಪರ್.
ಎಂಬತ್ತನಾಲ್ಕರ ಫೈನಲ್ಲಿನಾಗ ಕಡೀ ನಿಮಿಷದ ಚೆಂಡು
ನನ್ನ ಎರಡು ಪ್ಯಾಡಿನ ನಡುವ,
ಬಾಗಿಲ ತೆರೆದ ಅಡಗಿಮನಿಗೆ ಬೆಕ್ಕು ಹೊಕ್ಕಂಗ
ಸಪ್ಪಳಿಲ್ಲದ ಹೊಕ್ಕಿತು.
ಮರುದಿನ ಅಪ್ಪ ಚಾಣ ನನ್ನ ಕೈಯಾಗಿಟ್ಟ:
'ಈ ಸಲ ನೀನ ಕೊರಿ.'
ಹುಬ್ಬಳ್ಳಿ ವರ್ಕ್‌ಶಾಪ್ ಅಂತ ಕೊರೆದೆ.
ಆ ಳಕಾರದ ಒತ್ತು ಇವತ್ತಿಗೂ ಚೂರು ಓರಿ.
ಕಣ್ಣಿಗೆ ಕಾಣಂಗಿಲ್ಲ,
ಉಗುರು ಆಡಿಸಿದರ ಸಿಗತೈತಿ.

ಅದರ ಕೆಳಗ ನಲವತ್ತು ಸಾಲು ಕೊರೆದೇನಿ.
ಕೊರೊನಾ ವರ್ಷ ಆಟ ಆಗಲಿಲ್ಲ,
ಆದರೂ ಕಮಿಟಿಯವರು ಕಪ್ ತಂದು
'ಏನಾರ ಹಾಕು' ಅಂದರು.
ಒಂದು ಗೆರಿ ಎಳೆದೆ.
ಗೆರಿಗೂ ಅಕ್ಷರದ ರೇಟೇನು ಅಂತ
ಖಜಾಂಚಿ ಅರ್ಧ ತಾಸು ಜಗಳಾಡಿದ.

ಕಪ್ ದುಂಡಗೈತಿ, ಉರುಳತೈತಿ,
ಕೊರೆಯುವಾಗ ಯಾರರ ಹಿಡೀಬೇಕು.
ಗೆದ್ದವರು ಯಾವತ್ತೂ ಬರಂಗಿಲ್ಲ.
ಅವರು ಗುಲಾಲಿನಾಗ, ಟ್ರ್ಯಾಕ್ಟರಿನ ಮ್ಯಾಲೆ,
ಇಲ್ಲಂದ್ರ ಇನ್ನೂ ಮಲಗಿರತಾರ.
ಹಿಡಿಯಾಕ ಬರವ ಯಾವಾಗಲೂ ಸೋತವ.
ಕರೀದನ ಬರತಾನ.

ಈ ಸಲ ನರಸಾಪುರದ ಮಗ್ಗದ ಓಣಿಯ ದಾವಲಸಾಬ.
ಮೊದಲ ಸುತ್ತಿನಾಗ ಹೋದ ತಂಡ,
ಮೊಣಕಾಲಿಗೆ ಅರಿಶಿಣ ಮೆತ್ತಿದ ಅರಿವಿ.
'ಸುಮ್ನ ನೋಡಾಕ ಬಂದೇನಿ ಕಾಕಾ, ಅಷ್ಟ.'
'ನೋಡೋದು ಆಮ್ಯಾಲೆ. ಗಟ್ಟಿ ಹಿಡಿ.'

ಹಿಡಿದ.
ಬೆಳ್ಳ್ಯಾಗ ಅವನ ಮಾರಿ ಹುಣಸಿಬೀಜದಷ್ಟು.
ಪೆಟ್ಟಿಗೊಮ್ಮೆ ಕಣ್ಣು ಮುಚ್ಚಿ ತೆರೀತಾನ,
ಬೆರಳು ಮಾತ್ರ ಅಲುಗಂಗಿಲ್ಲ.
ಮತ್ತೊಬ್ಬರ ಹೆಸರಿಗೆ ಹನ್ನೊಂದಕ್ಷರ,
ಹನ್ನೊಂದೂ ನೆಟ್ಟಗ ಬಂದುವು.

ಊದಿದೆ. ಪುಡಿ ಅವನ ಅಂಗಿ ಮ್ಯಾಲೆ ಬಿತ್ತು,
ಝಾಡಿಸಲಿಲ್ಲ.
'ಇನ್ನ ಎಷ್ಟು ಜಾಗ ಐತಿ ಕಾಕಾ?'
ಕಡೀ ಪಟ್ಟಿಯ ಅಂಚಿಗೆ ಉಗುರಿಟ್ಟು ಅಳೆದೆ.
'ಎರಡು ಸಾಲು.'

ಚಾ ಬ್ಯಾಡ ಅಂದ.
ಬಾಗಿಲದಾಗ ನಿಂತು, ರಸ್ತೆದ ಕಡೆ ಮಾರಿ ಮಾಡಿ,
ತುಟಿ ಅಲುಗಿಸಿಕೋತ
ತನ್ನ ತಂಡದ ಹೆಸರಿನ ಅಕ್ಷರ
ಎಣಿಸಾಕ ಹತ್ತಿದ್ದ.