ಹತ್ತು ಗ್ರಾಂ

ಬಾ ಇಂಗ್ವೆ, ಬೂಟು ಅಲ್ಲೇ ಬಿಡು. ನಾಯಿ ಕಚ್ಚುವುದಿಲ್ಲ,
ಮೂಸುತ್ತಿರುವುದು ನಿನ್ನನ್ನಲ್ಲ,
ನಿನ್ನ ಜೇಬಿನ ಸಾಸೇಜನ್ನು.
ಇಡು ಮೇಜಿನ ಮೇಲೆ, ನೋಡೋಣ, ಅಂಗಡಿಯವನ ಪಟ್ಟಿ.

ಏಳು ಮಿಲಿಮೀಟರ್ ಮ್ಯಾಗ್ನಮ್. ಒಂಬತ್ತು ಗ್ರಾಮಿನ ಗುಂಡು.
ಸೆಕೆಂಡಿಗೆ ಒಂಬೈನೂರ ಎಂಬತ್ತು ಮೀಟರು!
ಮುನ್ನೂರು ಮೀಟರಿನಾಚೆಗೂ ಗೆರೆ ಎಳೆದಂತೆ ಹೋಗುತ್ತದೆ ಅಂದನೇ?
ಹೋಗುತ್ತದೆ. ಸುಳ್ಳಲ್ಲ.
ಆದರೆ ಕಿಟಕಿಯಲ್ಲಿ ನೋಡಿ ಹೇಳು,
ನಮ್ಮಲ್ಲಿ ಮುನ್ನೂರು ಮೀಟರು ಎಲ್ಲಿ ಬಿದ್ದಿದೆ?
ಕೆಳಗೆ ಫ್ಯೋರ್ಡಿನ ನೀರು. ನೀರಿನ ಅಂಚಿಗೆ
ಚಾದರ ಹಾಸಿದಷ್ಟು ಹುಲ್ಲು,
ಹುಲ್ಲಿನ ಬೆನ್ನಿಗೇ ಬರ್ಚ್ ಮರ, ಮರದ ಬೆನ್ನಿಗೇ ಬಂಡೆ.
ಕೆಂಜಿಂಕೆ ಇಳಿದು ಬರುವುದು ಆ ಹುಲ್ಲಿಗೆ, ಮಬ್ಬಿನಲ್ಲಿ,
ಎಪ್ಪತ್ತು ಹೆಜ್ಜೆಯಲ್ಲಿ ನಿಂತು
ನಿನ್ನ ಉಸಿರಿನ ಸದ್ದು ಕೇಳುತ್ತದೆ.

ಹತ್ತೊಂಬತ್ತು ವರ್ಷವಾಯಿತು. ಇದು ಮೂರನೆಯ ನಾಯಿ.
ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಫೋನು:
"ಸೀಗ್ರುನ್, ತಗುಲಿತು, ಆದರೆ..."
ಆ ಆದರೆಯಿಂದಾಚೆಗೆ ನನ್ನ ಕೆಲಸ.
ತಲೆಗೆ ದೀಪ ಕಟ್ಟಿಕೊಂಡು, ಮೊಣಕಾಲೂರಿ,
ಎಲೆ ಎಲೆ ಮಗುಚಿ ಓದುತ್ತೇನೆ.
ನೊರೆನೊರೆ ಗುಲಾಬಿ ರಕ್ತ, ಶ್ವಾಸಕೋಶ; ಹತ್ತಿರದಲ್ಲೇ ಬಿದ್ದಿರುತ್ತದೆ.
ಕಪ್ಪುಗೆಂಪಾದರೆ ಯಕೃತ್ತು,
ಗಡಿಯಾರ ನೋಡುತ್ತ ಕಾಯಬೇಕು.
ಹಸಿರು ಕಂಡು ಹುಳಿ ವಾಸನೆ ಬಂದರೆ
ಮನೆಗೆ ಹೋಗಿ ಮಲಗು ಅನ್ನುತ್ತೇನೆ ಹೊಡೆದವನಿಗೆ.
ಅವನು ಮಲಗುವುದಿಲ್ಲ.
ಏನೂ ಕಾಣದಿದ್ದರೆ, ಅದು ಎಲ್ಲಕ್ಕಿಂತ ಕೆಟ್ಟದ್ದು.

ನಿನ್ನ ಈ ಅವಸರದ ಗುಂಡು ಹಾಗೇ ಮಾಡುವುದು.
ಎಪ್ಪತ್ತು ಹೆಜ್ಜೆಗೆ ಅದರ ಸಿಟ್ಟು ಇನ್ನೂ ಇಳಿದಿರುವುದಿಲ್ಲ.
ಭುಜದ ಮೂಳೆ ತಾಗಿದ್ದೇ ಒಡೆದು ಚೂರಾಗಿ
ಒಳಗೇ ಉಳಿದುಬಿಡುತ್ತದೆ.
ಅಷ್ಟೂ ಮಾಂಸ ಹೆಪ್ಪುಗಟ್ಟಿದ ಮುದ್ದೆ, ಬ್ರಿಸ್ಕ ಕೂಡ ಮುಟ್ಟುವುದಿಲ್ಲ;
ಹೊರಗೆ ಮಾತ್ರ ಒಂದು ಹನಿಯಿಲ್ಲ.

ನನ್ನದು ನೋಡು. ಆರೂವರೆ ಐವತ್ತೈದು. ಅಂಗೈಯಲ್ಲಿ ಹಿಡಿ.
ಹತ್ತು ಗ್ರಾಂ. ಸೀಸದ ಗಟ್ಟಿ, ಮೇಲೆ ತಾಮ್ರದ ಅಂಗಿ, ದುಂಡುಮೂತಿ.
ಉಳುವ ಎತ್ತಿನ ನಡಿಗೆ ಇದರದ್ದು.
ಈ ಕಡೆ ಹೊಕ್ಕು ಆ ಕಡೆ ಹೊರಟು
ಎರಡು ಬಾಗಿಲು ತೆರೆದಿಟ್ಟು ಹೋಗುತ್ತದೆ.
ಆಮೇಲೆ ದಾರಿ ತೋರಲು ನಾನು ಬೇಡ,
ಕುರುಡನೂ ಹೋದಾನು.
ತೂಕದ ಮಾತು ಅನ್ನುತ್ತೇವಲ್ಲ, ಕೂಗಾಡದೆ ಮುಟ್ಟುವಂಥದ್ದು,
ಹಾಗೆ.

ಇಷ್ಟು ಕೇಳುವುದಕ್ಕೆ ಬಂದೆ ನೀನು.
ಇನ್ನು ನೀನು ಕೇಳದ್ದು.

ಗುಂಡಿಗೆ ಗೊತ್ತಿಲ್ಲ, ಗುಂಡಿಗೆ ಎಲ್ಲಿದೆ ಎಂದು.
ಆಚೆ ವರ್ಷದ ಅಕ್ಟೋಬರು. ಇದೇ ಕೋವಿ, ಇದೇ ಹತ್ತು ಗ್ರಾಂ, ಇದೇ ಹುಲ್ಲು.
ತಿರುಗುತ್ತಿದ್ದ ಹೆಣ್ಣುಜಿಂಕೆ.
ಇನ್ನೆರಡು ಉಸಿರು ಕಾದಿದ್ದರೆ ಪಕ್ಕೆ ಕೊಡುತ್ತಿತ್ತು.
ಕಾಯಲಿಲ್ಲ.
ಬೆರಳು ಚಳಿಗೆ ಸೆಟೆದಿತ್ತು ಅಂತ ಬೇರೆಯವರಿಗೆ ಹೇಳಿದ್ದೇನೆ.
ಮೂರು ದಿನ ಹುಡುಕಿದೆವು. ಬ್ರಿಸ್ಕ ನಡುನಡುವೆ ನಿಂತು
ನನ್ನ ಮುಖ ನೋಡುತ್ತಿತ್ತು.
ಮರಗಳ ಹಿಂದೆ ಮರಿಯೊಂದು ಇತ್ತೆಂದು ನಾನು ನೋಡಿರಲಿಲ್ಲ.
ಹಿಮ ಬೀಳುವವರೆಗೂ ಸಂಜೆಸಂಜೆ
ಒಂದೇ ಬರುತ್ತಿತ್ತು ಅದು, ಹುಲ್ಲಿಗೆ.
ನೋಟುಬುಕ್ಕಿನಲ್ಲಿದೆ, ಬೇಕಾದರೆ ತೆಗೆದು ನೋಡು:
ಗುಂಡು, ಹತ್ತು ಗ್ರಾಂ. ಸಿಕ್ಕಲಿಲ್ಲ.

ಹಾಗಂತ ಹಗುರದ್ದು ಕೊಂಡೀಯೆ ಮತ್ತೆ!
ಭಾರದ್ದೇ ಕೊಳ್ಳು. ಒಂದೇ ಜಾತಿ, ಎರಡು ಡಬ್ಬಿ.
ಒಂದನ್ನು ಪೂರ್ತಿ ಕಾಗದಕ್ಕೆ ಹೊಡೆ,
ಮಲಗಿ, ಕೂತು, ಮಳೆಯಲ್ಲಿ ನಿಂತು.
ಇನ್ನೊಂದು ಹತ್ತು ವರ್ಷ ಬಾಳಿಕೆ ಬಂದರೆ
ಆಗ ಬಂದು ನನಗೆ ಬುದ್ಧಿ ಹೇಳು.

ಈಗ ಆ ಸಾಸೇಜು ಕೊಟ್ಟುಬಿಡು, ನಿನ್ನ ಗುರುತು ಹತ್ತಲಿ.
ನನ್ನ ನಂಬರು ಬರೆದುಕೋ.
ನನ್ನ ಹೆಸರಲ್ಲಿ ಬೇಡ, ಬ್ರಿಸ್ಕ ಅಂತಲೇ ಬರೆ.
ರಾತ್ರಿ ಫೋನಾದರೆ ಮೊದಲು ಏಳುವುದು ಅದು.